ಒಳಗೋಡೆ ಹೊರಗೋಡೆಯಾದ ಮನೆ: ಮಠದ ಬುನಾದಿಯ ಮೇಲೆ ಸುಣ್ಣದ ಗಾರೆ ದುರಸ್ತಿಯ ಟಿಪ್ಪಣಿ

ಕೆಲಸಕ್ಕೆ ಸಿಕ್ಕಿದ್ದು ದಕ್ಷಿಣಕ್ಕೆ ಮುಖಮಾಡಿದ ಗೋಡೆಯ ಒಂದು ಅಂಕಣ. ಅಗಲ 4 ಮೀಟರ್, ನೆಲದಿಂದ ಎತ್ತರ 3 ಮೀಟರ್, ದಪ್ಪ ಹತ್ತಿರ ಹತ್ತಿರ 1 ಮೀಟರ್. ಊರು ಇಂಗ್ಲೆಂಡಿನ ನೈಋತ್ಯ ಭಾಗ, ಬಾತ್ ಕಲ್ಲಿನ ಸೀಮೆ. ಕೆಳಗಿನ 2 ಮೀಟರ್ ಮಧ್ಯಯುಗದ ಕ್ರೈಸ್ತ ಮಠದ ಗುಂಡುಗಲ್ಲಿನ ಕಟ್ಟಡ. ಅದರ ಮೇಲಿನ 1 ಮೀಟರ್ 16ನೇ ಶತಮಾನದಲ್ಲಿ ಮಠವನ್ನು ಬಂಗಲೆ ಮಾಡಿಕೊಂಡವರು ಕೂರಿಸಿದ ಕೆತ್ತುಗಲ್ಲು. ಸಂದುಗಳಿಗೆಲ್ಲ ಕಳೆದ ಶತಮಾನದಲ್ಲಿ ಯಾರೋ ಸಿಮೆಂಟ್ ತುಂಬಿದ್ದರು. ಸಿಮೆಂಟ್ ಗಟ್ಟಿಯಾಗಿಯೇ ಉಳಿದಿತ್ತು, ಅದರ ನಡುವಿನ ಕಲ್ಲು ಮಾತ್ರ ಪದರು ಪದರಾಗಿ ಉದುರುತ್ತಿತ್ತು.

ಈ ಬಗೆಯ ಮನೆ ಅರ್ಥವಾಗಬೇಕಾದರೆ ವಿಲ್ಟ್‌ಷೈರ್‌ನ ಲೇಕಾಕ್ ಅಬ್ಬೆಯನ್ನು ನೋಡಬೇಕು. ಸಾಲಿಸ್ಬರಿಯ ಕೌಂಟೆಸ್ ಈಲಾ 1232ರಲ್ಲಿ ಅಲ್ಲಿ ಅಗಸ್ಟಿನಿಯನ್ ಸನ್ಯಾಸಿನಿಯರಿಗಾಗಿ ಮಠ ಕಟ್ಟಿಸಲು ತೊಡಗಿದಳು. ಎಂಟನೇ ಹೆನ್ರಿಯ ಆಳ್ವಿಕೆಯಲ್ಲಿ ಮಠಗಳನ್ನೆಲ್ಲ ಮುಚ್ಚಿಸಿದಾಗ ಇದೂ 1539ರಲ್ಲಿ ಮುಚ್ಚಿತು. ಮರುವರ್ಷ ವಿಲಿಯಂ ಶಾರಿಂಗ್‌ಟನ್ ಅದನ್ನು 783 ಪೌಂಡಿಗೆ ಕೊಂಡ. ಚರ್ಚನ್ನು ಕೆಡವಿ ಕಲ್ಲು ಬಳಸಿಕೊಂಡ, ಆದರೆ ನಡುವಂಗಳದ ಸುತ್ತಲಿನ ಕ್ಲಾಯಿಸ್ಟರ್ ಮೊಗಸಾಲೆಯನ್ನೂ ಅದಕ್ಕೆ ಅಂಟಿದ ಕಮಾನಿನ ಕೋಣೆಗಳನ್ನೂ ಹಾಗೇ ಉಳಿಸಿ ಮೇಲಂತಸ್ತನ್ನು ವಾಸದ ಮನೆ ಮಾಡಿಕೊಂಡ. 1750ರ ದಶಕದಲ್ಲಿ ಸ್ಯಾಂಡರ್‌ಸನ್ ಮಿಲ್ಲರ್ ವಿನ್ಯಾಸದ ಗಾಥಿಕ್ ಹಜಾರ ಬಂತು. ಫೋಟೊಗ್ರಫಿಯ ಆದ್ಯರಲ್ಲಿ ಒಬ್ಬನಾದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ದಕ್ಷಿಣದ ಗ್ಯಾಲರಿಗೆ ಹೊರಚಾಚಿದ ಕಿಟಕಿಗಳನ್ನು ಇಡಿಸಿ, 1835ರಲ್ಲಿ ಅಂಥದ್ದೊಂದು ಕಿಟಕಿಯ ನೆಗೆಟಿವ್ ತೆಗೆದ. 1944ರಿಂದ ಮನೆ, ಹಳೆಯ ಕಟ್ಟಡಗಳನ್ನು ಕಾಯುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್ ಕೈಯಲ್ಲಿದೆ.

ಗಾರೆ ಕೆಲಸದವರಿಗೆ ಇದರಲ್ಲಿ ಬೇಕಾದ ಸಂಗತಿ ಒಂದೇ. ಕೆಡವಿದ ಚರ್ಚಿನ ಉತ್ತರದ ಗೋಡೆಯೇ ಲೇಕಾಕ್ ಮನೆಯ ದಕ್ಷಿಣದ ಗೋಡೆಯಾಯಿತು. ಚರ್ಚಿನ ಒಳಮೈಯಾಗಿ ಸೂರಿನ ಕೆಳಗೆ ಇದ್ದ ಮುಖ ಅಂದಿನಿಂದ ಹೊರಮೈಯಾಗಿ ಮಳೆಗೆ ನಿಂತಿದೆ. ನಮ್ಮ ಅಂಕಣದ ಕಥೆಯೂ ಇದೇ. ಸೂರಿನಡಿಯ ಮುಖಕ್ಕೆ ಮಧ್ಯಯುಗದ ಕಲ್ಲುಕುಟಿಗರು ಆರಿಸಿದ್ದು ಗಿಲಾವಿನ ಕೆಳಗೆ ಮುಚ್ಚಿಹೋಗುವ ಸಾಧಾರಣ ಕಲ್ಲು, ಅಗಲ ಸಂದು, ಮೆದು ಗಾರೆ. ಗಿಲಾವು ಹೋಗಿದೆ, ಸೂರು ಹೋಗಿದೆ, ಇಂಗ್ಲೆಂಡಿನಲ್ಲಿ ಮಳೆಗಾಳಿ ಹೆಚ್ಚಾಗಿ ಬಡಿಯುವುದು ನೈಋತ್ಯದಿಂದ. ಈ ಗೋಡೆಯ ಬೇನೆಗೆ ಅರ್ಧ ಕಾರಣ ಇದು. ಉಳಿದರ್ಧ ಸಿಮೆಂಟು.

ಅನುಮತಿ, ಬಾವಲಿ, ಸಾರವೆ

ಇಂಥ ಮನೆಯಲ್ಲಿ ಕರಣೆ ಎತ್ತುವ ಮೊದಲು ಕಾಗದ ಆಗಬೇಕು. ಕಟ್ಟಡ ಅಲ್ಲಿನ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದ್ದರೆ 1990ರ ಕಾಯ್ದೆಯ ಪ್ರಕಾರ ಲಿಸ್ಟೆಡ್ ಬಿಲ್ಡಿಂಗ್ ಒಪ್ಪಿಗೆ. ಮಠದ ಅವಶೇಷವನ್ನು ಸ್ಮಾರಕವೆಂದು ಗುರುತಿಸಿದ್ದರೆ 1979ರ ಪುರಾತನ ಸ್ಮಾರಕ ಕಾಯ್ದೆಯ ಒಪ್ಪಿಗೆ ಬೇರೆಯೇ. ಅರ್ಜಿಯ ಜೊತೆ ಗಾರೆಯ ಪ್ರಮಾಣ, ಸಂದಿನ ಮಾದರಿ, ಕೆತ್ತುವ ಸಲಕರಣೆ ಇಷ್ಟೂ ಬರೆದು ಕೊಡಬೇಕು. "ಹಳೆಯದಕ್ಕೆ ಹೊಂದುವ ಗಾರೆ" ಎಂದಷ್ಟೇ ಬರೆದ ಅರ್ಜಿ ಪ್ರಶ್ನೆಗಳ ಜೊತೆ ಹಿಂದಕ್ಕೆ ಬರುತ್ತದೆ, ಬರಬೇಕಾದ್ದೂ ಹೌದು.

ಬಾವಲಿಗಳು ಬೆರಳಗಲದ ಸಂದಿನಲ್ಲೂ ಇರುತ್ತವೆ. ಅವು ಇರುವ ಸಂದನ್ನು ಮುಚ್ಚುವುದು ಅಲ್ಲಿ ಅಪರಾಧ. ಟೊಳ್ಳಾದ ಸಂದುಗಳಿಗೆಲ್ಲ ಬಾವಲಿ ಬಲ್ಲವರಿಂದ ಎಂಡೋಸ್ಕೋಪ್ ಹಾಕಿಸಿ ನೋಡಿ, ಬಿಡಬೇಕಾದ ಸಂದಿಗೆ ಬಣ್ಣದ ಟೇಪ್ ಅಂಟಿಸಬೇಕು. ನಮ್ಮ ಅಂಕಣದಲ್ಲಿ ಎರಡು ಕಾಲದ ಕಟ್ಟಡ ಕೂಡುವ ಗೆರೆಯಲ್ಲಿ ಅಂಥ ಒಂದು ಸಂದು ಸಿಕ್ಕಿತು. ಅದು ಹಾಗೇ ತೆರೆದಿದೆ.

ಸಾರವೆಯನ್ನು ತನ್ನ ಕಾಲ ಮೇಲೆ ನಿಲ್ಲುವಂತೆ ಕಟ್ಟಬೇಕು, ಗೋಡೆಗೆ ಆ್ಯಂಕರ್ ಹೊಡೆಯುವಂತಿಲ್ಲ. ಕಾಲುಗಳ ಕೆಳಗೆ ಅಗಲವಾದ ಹಲಗೆ ಹಾಸಬೇಕು, ಏಕೆಂದರೆ ಅಲ್ಲಿನ ಹುಲ್ಲು ಹಾಸು ಒಂದು ಕಾಲದ ಚರ್ಚಿನ ನೆಲ. ಅದರಡಿಯಲ್ಲಿ ಸಮಾಧಿಗಳಿವೆ ಎಂದೇ ಎಣಿಸಿ ನಡೆಯಬೇಕು.

ಮೊದಲು ನೀರಿನ ದಾರಿ

ಒದ್ದೆಯ ಮೂಲ ನಿಲ್ಲಿಸದೆ ಹೊಸ ಗಾರೆ ತುಂಬಿದರೆ ಅದೂ ಉದುರುತ್ತದೆ. ಇಲ್ಲಿ ನೀರು ಎರಡು ಕಡೆಯಿಂದ ಬರುತ್ತಿತ್ತು. ಮೇಲೆ, ಕೈಪಿಡಿ ಗೋಡೆಯ ಹಿಂದಿನ ಸೀಸದ ದೋಣಿ ಎಲೆಕಸದಿಂದ ಕಟ್ಟಿ ನೀರು ಗೋಡೆಯ ಹೊಟ್ಟೆಗೆ ಇಳಿಯುತ್ತಿತ್ತು. ಕೆಳಗೆ, ತಲೆಮಾರುಗಳಿಂದ ಹೂಪಾತಿಗೆ ಮಣ್ಣು ಸುರಿದು ನೆಲ ಹಳೆಯ ಮಟ್ಟಕ್ಕಿಂತ 250 ಮಿಲಿಮೀಟರ್ ಏರಿತ್ತು.

ಮಾಮೂಲಿ ಮನೆಯಾದರೆ ಗೋಡೆಗುಂಟ ಕಾಲುವೆ ತೋಡಿ, ಜಲ್ಲಿ ತುಂಬಿ, ತೂತಿನ ಪೈಪ್ ಹಾಕಿ ಮುಗಿಸಬಹುದು. ಮಠದ ಬುನಾದಿಯ ಪಕ್ಕ ಅದನ್ನು ಮಾಡಬಾರದು. ಅಂದಿನ ಬುನಾದಿಗೆ ಅಗಲವಾದ ಪಾದ ಇರದೆ, ಕಂದಕದಲ್ಲಿ ಕಲ್ಲು ಗಾರೆ ಸುರಿದದ್ದಷ್ಟೇ ಇರುವುದುಂಟು. ಪಕ್ಕದ ಮಣ್ಣೇ ಅದಕ್ಕೆ ಆಧಾರ. ಆ ಮಣ್ಣು ತೆಗೆದರೆ ಗೋಡೆ ಕಾಲು ಜಾರುತ್ತದೆ, ಜೊತೆಗೆ ಮೂಳೆಗಳೂ ಮೇಲೆ ಬರುತ್ತವೆ. ಮೂಳೆ ಕಂಡರೆ ಕೆಲಸ ನಿಲ್ಲಿಸಬೇಕು. ಅದನ್ನು ಅಲ್ಲಿಂದ ಎತ್ತಲು 1857ರ ಸಮಾಧಿ ಕಾಯ್ದೆಯ ಪರವಾನಗಿ ಬೇಕು. ಆದ್ದರಿಂದ ಪುರಾತತ್ವದವರೊಬ್ಬರು ನಿಂತು ನೋಡುತ್ತಿರುವಾಗ, ಹೊರಗಿನಿಂದ ತಂದು ಸುರಿದ ತೋಟದ ಮಣ್ಣನ್ನಷ್ಟೇ ಸಲಿಕೆಯಿಂದ ಎಳೆದು ತೆಗೆದು, ಹಳೆಯ ಮಟ್ಟ ಕಂಡಲ್ಲಿ ನಿಲ್ಲಿಸಿದ್ದಾಯಿತು. ಅಲ್ಲಿಂದ ಗೋಡೆಯ ಆಚೆಗೆ 40ಕ್ಕೆ 1ರ ಇಳಿಜಾರು ಕೊಟ್ಟು, ಮಳೆನೀರಿನ ಪೈಪನ್ನು ಗೋಡೆಯಿಂದ ದೂರ ಹರಿಯಬಿಡಲಾಯಿತು. ಇದಾದ ಮೇಲೆ ಗೋಡೆಗೆ ಒಂದು ಬೇಸಿಗೆ ಪೂರ್ತಿ ಒಣಗಲು ಬಿಡುವುದು ಒಳ್ಳೆಯದು. ಒಣಗುವಾಗ ಬಿಳಿ ಉಪ್ಪು ಹೊರಗೆ ಬರುತ್ತದೆ. ಅದನ್ನು ಒಣ ಬ್ರಷ್‌ನಿಂದ ಗುಡಿಸಿ ಮೊರದಲ್ಲಿ ಹಿಡಿದು ದೂರ ಚೆಲ್ಲಬೇಕು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಕಲ್ಲಿನೊಳಕ್ಕೇ ಹೋಗುತ್ತದೆ.

ಸಿಮೆಂಟ್ ಏಕೆ ಕಲ್ಲನ್ನು ತಿನ್ನುತ್ತದೆ

ಬಾತ್ ಕಲ್ಲು ಮೀನಿನ ಮೊಟ್ಟೆಯಂಥ ಸಣ್ಣ ಗುಂಡುಕಾಳುಗಳು ಕೂಡಿ ಆದ ಸುಣ್ಣಕಲ್ಲು, ಒಳಗೆಲ್ಲ ರಂಧ್ರ. ಸುಣ್ಣದ ಗಾರೆ ಕಲ್ಲಿಗಿಂತ ಮೆದುವಾಗಿದ್ದು ಕಲ್ಲಿಗಿಂತ ಸುಲಭವಾಗಿ ಆವಿ ಬಿಡುತ್ತದೆ. ಗೋಡೆಯೊಳಗಿನ ತೇವ ಸಂದಿನ ಮೂಲಕ ಹೊರಬೀಳುತ್ತದೆ, ಉಪ್ಪೂ ಅಲ್ಲೇ ಹರಳುಗಟ್ಟುತ್ತದೆ. ಕಾಲಾಂತರದಲ್ಲಿ ಹಾಳಾಗುವುದು ಗಾರೆ, ಅದನ್ನು ಮತ್ತೆ ತುಂಬಬಹುದು. ಸಿಮೆಂಟ್ ಈ ದಾರಿಯನ್ನು ಮುಚ್ಚುತ್ತದೆ. ಆಗ ತೇವ ಕಲ್ಲಿನ ಮುಖದಿಂದಲೇ ಹೋಗಬೇಕು, ಉಪ್ಪು ಮುಖದ ಹಿಂದೆ ಹರಳಾಗಿ ಮುಖವನ್ನೇ ತಳ್ಳುತ್ತದೆ, ಚಳಿಗಾಲದಲ್ಲಿ ಅದೇ ನೀರು ಹೆಪ್ಪುಗಟ್ಟಿ ಮಿಕ್ಕಿದ್ದನ್ನು ಕೀಳುತ್ತದೆ. ಕೊನೆಗೆ ಕಲ್ಲು ಒಳಕ್ಕೆ ಸವೆದು ಸಿಮೆಂಟಿನ ಸಂದು ಬಲೆಯ ಹಾಗೆ ಮುಂದೆ ಉಳಿಯುತ್ತದೆ. ದೂರದಿಂದಲೇ ಗುರುತು ಸಿಗುವ ಲಕ್ಷಣ ಇದು.

ಸಿಮೆಂಟ್ ತೆಗೆಯುವುದು

ಆ್ಯಂಗಲ್ ಗ್ರೈಂಡರ್ ಬೇಡ. ಅಡ್ಡ ಸಂದಿನಲ್ಲಿ ಸರಿಯಾಗಿ ಓಡಿದರೂ, ನೆಟ್ಟಗಿನ ಸಂದಿನ ಕೊನೆಯಲ್ಲಿ ಅದರ ಚಕ್ರ ಮೇಲಿನ ಮತ್ತು ಕೆಳಗಿನ ಕಲ್ಲನ್ನು ಕೊಯ್ಯದೆ ಬಿಡುವುದಿಲ್ಲ. ಆ ಗಾಯ ಶಾಶ್ವತ. ಅಗಲ ಸಂದುಗಳಲ್ಲಿ ಹೀಗೆ ಮಾಡಬೇಕು: ಸಂದಿನ ನಡುಗೆರೆಯಲ್ಲಿ 6 ಮಿಲಿಮೀಟರ್ ಬಿಟ್‌ನಿಂದ, ಹ್ಯಾಮರ್ ಆಫ್ ಮಾಡಿ, 20ರಿಂದ 25 ಮಿಲಿಮೀಟರಿಗೊಂದು ತೂತು ಕೊರೆಯುವುದು. ಆಮೇಲೆ ತೆಳು ಬಾಯಿಯ ಉಳಿ ಮತ್ತು 1 ಕೆಜಿ ಸುತ್ತಿಗೆಯಿಂದ, ಕಲ್ಲಿನ ಕಡೆಯಿಂದ ತೂತಿನ ಕಡೆಗೆ ಹೊಡೆಯುವುದು. ಉಳಿಯ ಬಾಯಿ ಎಂದೂ ಕಲ್ಲಿನತ್ತ ತಿರುಗಬಾರದು. ತುಂಡು ನಡುವಿನ ಖಾಲಿಗೆ ಬೀಳುತ್ತದೆ, ಕಲ್ಲಿನ ಅಂಚು ಉಳಿಯುತ್ತದೆ. ಮೇಲಿನ ಕೆತ್ತುಗಲ್ಲಿನ 5–6 ಮಿಲಿಮೀಟರ್ ಸಂದಿಗೆ ಹ್ಯಾಕ್‌ಸಾ ಬ್ಲೇಡೇ ಸಾಕು.

ಆಳ ಸಂದಿನ ಅಗಲಕ್ಕಿಂತ ಎರಡರಷ್ಟಾದರೂ ಇರಬೇಕು. 20 ಮಿಲಿಮೀಟರ್ ಸಂದಿಗೆ 40, ಕಿರಿದಾದ್ದಕ್ಕೆ ಕನಿಷ್ಠ 25. ಅಲ್ಲಿಂದ ಹಿಂದೆ ಸಿಗುವ ಹಳೆಯ ಗಾರೆ ಗಟ್ಟಿಯಾಗಿದ್ದರೆ ಮುಟ್ಟಬಾರದು, ಅದು 13ನೇ ಶತಮಾನದ್ದೂ ಇರಬಹುದು. ಕೆಲವು ಕಡೆ ಸಿಮೆಂಟ್ ಕಲ್ಲಿನ ಅಂಚಿಗೆ ಎಷ್ಟು ಬಿಗಿಯಾಗಿ ಕಚ್ಚಿರುತ್ತದೆಂದರೆ ಅದನ್ನು ಎಬ್ಬಿಸಿದರೆ ಅಂಚೂ ಬರುತ್ತದೆ. ಅಂಥಲ್ಲಿ ಸಿಮೆಂಟನ್ನು ಬಿಟ್ಟುಬಿಡಬೇಕು. ಹತ್ತು ಹದಿನೈದು ವರ್ಷಕ್ಕೆ ಅದೇ ಸಡಿಲವಾದಾಗ ಮುಂದಿನವರು ತೆಗೆಯುತ್ತಾರೆ. ಒಂದೇ ಸಲಕ್ಕೆ ಪೂರ್ತಿ ಸ್ವಚ್ಛ ಮಾಡಬೇಕೆಂಬ ಹಟದಿಂದ ಹಾಳಾದ ಕಲ್ಲುಗಳು ಸಿಮೆಂಟಿನಿಂದ ಹಾಳಾದ ಕಲ್ಲುಗಳಿಗಿಂತ ಕಡಿಮೆಯೇನಲ್ಲ.

ಎರಡು ಕಾಲ ಕೂಡುವ ಗೆರೆಯಲ್ಲಿ ಕೈ ಇನ್ನೂ ನಿಧಾನವಾಗಬೇಕು. 16ನೇ ಶತಮಾನದವರು ಕೆಡವಿದ ಚರ್ಚಿನ ಕಲ್ಲನ್ನೇ ತಿರುಗಿಸಿ ಇಟ್ಟಿರುತ್ತಾರೆ. ಸಂದು ಖಾಲಿಯಾದಾಗ ಒಳಬದಿಯಲ್ಲಿ ಕಮಾನಿನ ಕೆತ್ತನೆ, ಕಲ್ಲುಕುಟಿಗನ ಗುರುತು, ಹಳೆಯ ಬಣ್ಣದ ಚೂರು ಕಾಣಬಹುದು. ಸ್ಕೇಲ್ ಇಟ್ಟು ಫೋಟೊ ತೆಗೆದು, ಅಂಕಣದ ನಕ್ಷೆಯಲ್ಲಿ ಕಲ್ಲಿಗೆ ನಂಬರ್ ಹಾಕಿ, ಆಮೇಲೆ ಮುಚ್ಚಬೇಕು. ಗೆರೆಯನ್ನು ಅಳಿಸುವಂತೆ ಹೊಸ ಗಾರೆಯನ್ನು ಎರಡೂ ಕಡೆಗೆ ಹರಡಬಾರದು. ಮಠ ಎಲ್ಲಿ ಮುಗಿಯಿತು, ಮನೆ ಎಲ್ಲಿ ಶುರುವಾಯಿತು ಎಂಬುದಕ್ಕೆ ಆ ಗೆರೆಯೇ ದಾಖಲೆ.

ಹಳೆಯ ಗಾರೆ ಓದುವುದು

ಮಳೆ ತಾಗದ ಆಳದಿಂದ 30–50 ಗ್ರಾಂ ಗಾರೆಯ ಗಟ್ಟಿ ತುಂಡು ತೆಗೆಯಬೇಕು. ಪುಸ್ತಕದ ಪದ್ಧತಿ ಎಂದರೆ ಅದನ್ನು ಸಾರ ಇಳಿಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿ, ಸುಣ್ಣ ಕರಗಿದ ಮೇಲೆ ಉಳಿದ ಮರಳನ್ನು ತೂಗುವುದು. ಬಾತ್ ಕಲ್ಲಿನ ಸೀಮೆಯಲ್ಲಿ ಈ ಪರೀಕ್ಷೆ ಸುಳ್ಳು ಹೇಳುತ್ತದೆ. ಅಲ್ಲಿನ ಹಳೆಯ ಗಾರೆಯಲ್ಲಿ ಮರಳಿನ ಜೊತೆ ಕಲ್ಲಿನ ಪುಡಿಯೂ ಇರುತ್ತದೆ, ಅದೂ ಸುಣ್ಣಕಲ್ಲೇ ಆದ್ದರಿಂದ ಆಮ್ಲದಲ್ಲಿ ಅದೂ ಕರಗುತ್ತದೆ. ಉಳಿದದ್ದನ್ನು ತೂಗಿದರೆ ಸುಣ್ಣ ವಿಪರೀತ ಹಾಕಿದ್ದಾರೆ ಅನಿಸುತ್ತದೆ. ಆದ್ದರಿಂದ ಮೊದಲು ತುಂಡನ್ನು ಮುರಿದು 10 ಪಟ್ಟು ಭೂತಗನ್ನಡಿಯಲ್ಲಿ ನೋಡಬೇಕು. ದೊಡ್ಡ ಬಂಗಲೆಯ ಕೆಲಸವಾದರೆ ಪ್ರಯೋಗಾಲಯಕ್ಕೆ ಕಳಿಸಿ ತೆಳು ಪದರದ ಸೂಕ್ಷ್ಮದರ್ಶಕ ಪರೀಕ್ಷೆ ಮಾಡಿಸುವುದು ಖರ್ಚಿಗೆ ತಕ್ಕದ್ದು. ನಮ್ಮ ತುಂಡುಗಳಲ್ಲಿ ಕೆಳಗಿನ ಗಾರೆ ಕಂದು ಹಳದಿ, 5 ಮಿಲಿಮೀಟರ್ ವರೆಗಿನ ಕಾಳು, ಬೆಳ್ಳಗಿನ ಸುಣ್ಣದ ಉಂಡೆಗಳು. ಅಂದರೆ ಸುಟ್ಟ ಸುಣ್ಣವನ್ನು ಮರಳಿನ ಜೊತೆಗೇ ಅರಳಿಸಿ ಕಲಸಿದ್ದಾರೆ. ಮೇಲಿನದು ಬೆಳ್ಳಗೆ, ನುಣ್ಣಗೆ, ಬರೀ ಕಲ್ಲಿನ ಪುಡಿ. ಒಂದೇ ಅಂಕಣಕ್ಕೆ ಎರಡು ಬಗೆಯ ಗಾರೆ ಬೇಕು ಎಂಬುದು ಇಲ್ಲಿಗೆ ಸ್ಪಷ್ಟವಾಯಿತು.

ಪ್ರಮಾಣ ಮತ್ತು ಲೆಕ್ಕ

ಗುಂಡುಗಲ್ಲಿನ ಭಾಗ 8 ಚದರ ಮೀಟರ್. ಚದರ ಮೀಟರಿಗೆ ಸುಮಾರು 13 ಮೀಟರ್ ಉದ್ದದ ಸಂದು, ಅಗಲ 20, ಆಳ 40 ಮಿಲಿಮೀಟರ್. ಹಾಗಾದರೆ ಚದರ ಮೀಟರಿಗೆ 10.4 ಲೀಟರ್, ಒಟ್ಟು 83. ಆಳದ ಪೊಟರೆಗಳಿಗೂ ಚೆಲ್ಲುವುದಕ್ಕೂ ಕಾಲು ಭಾಗ ಸೇರಿಸಿದರೆ 105 ಲೀಟರ್. ಮೇಲಿನ 4 ಚದರ ಮೀಟರ್ ಕೆತ್ತುಗಲ್ಲಿನ ಸಂದು ಕಿರಿದು, ಅದಕ್ಕೆಲ್ಲ ಸೇರಿ 5 ಲೀಟರ್ ಸಾಕು. ನೋಡಲು ಅಂಕಣದ ಮೂರನೇ ಒಂದು ಭಾಗ, ಗಾರೆ ಮಾತ್ರ ಇಪ್ಪತ್ತನೇ ಒಂದು ಭಾಗ. ಅಂದಾಜು ಪಟ್ಟಿ ಮಾಡುವವರು ಇಲ್ಲೇ ಎಡವುವುದು.

105 ಲೀಟರಿನಲ್ಲಿ 90 ಲೀಟರ್ ಮುಖ್ಯ ಗಾರೆ: ಕನಿಷ್ಠ 3–4 ತಿಂಗಳು ನೀರಿನಡಿ ಇಟ್ಟ ಅರಳಿದ ಸುಣ್ಣದ ಮುದ್ದೆ 30 ಲೀಟರ್ (ಸುಮಾರು 40 ಕೆಜಿ), 5 ಮಿಲಿಮೀಟರಿನಿಂದ ನುಣ್ಣಗಿನವರೆಗೆ ಎಲ್ಲ ಗಾತ್ರದ ಕಾಳಿರುವ ಒರಟು ಮರಳು 60 ಲೀಟರ್ (ಒಣಗಿದ್ದರೆ 96 ಕೆಜಿ), ಜರಡಿ ಹಿಡಿದ ಬಾತ್ ಕಲ್ಲಿನ ಪುಡಿ 30 ಲೀಟರ್, ಸುರ್ಕಿ (ಇಟ್ಟಿಗೆಯ ಪುಡಿ) 3 ಲೀಟರ್. ಮುದ್ದೆ ಮರಳಿನ ನಡುವಿನ ಖಾಲಿಯಲ್ಲಿ ಕೂರುವುದರಿಂದ 90 ಲೀಟರ್ ಕಾಳಿಗೆ 90 ಲೀಟರ್ ಗಾರೆಯೇ ಬರುತ್ತದೆ, 120 ಅಲ್ಲ.

ಸುಣ್ಣ 1ಕ್ಕೆ ಕಾಳು 3 ಎಂಬುದು ಕಣ್ಣುಮುಚ್ಚಿ ನಂಬುವ ಸೂತ್ರವಲ್ಲ. ಪೂರ್ತಿ ಒಣಗಿದ ಮರಳನ್ನು 1 ಲೀಟರ್ ಅಳತೆಗೆ ತುಂಬಿ, ಅಂಚಿನವರೆಗೆ ಬರುವಷ್ಟು ನೀರನ್ನು ಅಳೆದು ಸುರಿಯಬೇಕು. 330–350 ಮಿಲಿಲೀಟರ್ ಹಿಡಿದರೆ ಖಾಲಿ ಮೂರನೇ ಒಂದು ಭಾಗ, 1ಕ್ಕೆ 3 ಸರಿ. 400 ಹಿಡಿದರೆ ಕಾಳೆಲ್ಲ ಒಂದೇ ಗಾತ್ರದ್ದು, 1ಕ್ಕೆ 2.5 ಬೇಕು, ಇಲ್ಲವೇ ಬೇರೆ ಮರಳು ತರಿಸುವುದು ಇನ್ನೂ ಲೇಸು. ಒದ್ದೆ ಮರಳು 20–30 ಶೇಕಡಾ ಉಬ್ಬಿರುತ್ತದೆ. ಒಣ ಮರಳಿನ ಲೆಕ್ಕವನ್ನು ಒದ್ದೆ ಮರಳಿನ ಬಕೆಟಿನಲ್ಲಿ ಅಳೆದರೆ ಸುಣ್ಣ ಹೆಚ್ಚಾಗಿ ಸಂದು ಒಣಗುವಾಗ ಸೀಳುತ್ತದೆ.

ಸುರ್ಕಿ ನಮ್ಮ ಹಳೆಯ ಗಾರೆಯಲ್ಲಿ ಮಾಡುವ ಕೆಲಸವನ್ನೇ ಇಲ್ಲೂ ಮಾಡುತ್ತದೆ. ಸುಣ್ಣದೊಡನೆ ಕೂಡಿ, ಗಾಳಿ ತಾಗದಲ್ಲೂ ಒಂದಿಷ್ಟು ಬಿಗಿ ಕೊಡುತ್ತದೆ. ಆದರೆ ಎಲ್ಲ ಇಟ್ಟಿಗೆಯ ಪುಡಿಯೂ ಆಗುವುದಿಲ್ಲ. 950 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಶಾಖದಲ್ಲಿ ಸುಟ್ಟ, 75 ಮೈಕ್ರಾನ್‌ಗಿಂತ ನುಣ್ಣಗಿನ ಪುಡಿಯೇ ಸುಣ್ಣದೊಡನೆ ಚೆನ್ನಾಗಿ ಕೂಡುವುದು. ಹೆಚ್ಚು ಬೆಂದ ಇಟ್ಟಿಗೆಯ ಪುಡಿ ಬರೀ ಕೆಂಪು ಮರಳು. ಬೆಲ್ಲದ ನೀರು, ಅಳಲೆಕಾಯಿ ರಸ ಇವನ್ನು ಇಲ್ಲಿ ಸೇರಿಸಲಿಲ್ಲ. ಆ ಗೋಡೆಯ ಹಳೆಯ ಗಾರೆಯಲ್ಲಿ ಇಲ್ಲದ್ದನ್ನು ಹೊಸದರಲ್ಲಿ ಹಾಕಲು ಕಾರಣವಿಲ್ಲ.

ಉಳಿದ 15 ಲೀಟರ್, ನೆಲದಿಂದ 300 ಮಿಲಿಮೀಟರ್ ಎತ್ತರದ ಪಟ್ಟಿಗೆ. ಅಲ್ಲಿ ಮಳೆಹನಿ ಸಿಡಿದು ಗೋಡೆ ಸದಾ ಒದ್ದೆ. ಬರೀ ಸುಣ್ಣದ ಮುದ್ದೆ ಗಟ್ಟಿಯಾಗಲು ಗಾಳಿಯ ಇಂಗಾಲದ ಡೈಆಕ್ಸೈಡ್ ಬೇಕು, ರಂಧ್ರದ ತುಂಬ ನೀರಿದ್ದರೆ ಅದು ಒಳಗೆ ಹೋಗದು. ಆದ್ದರಿಂದ ಅಲ್ಲಿಗೆ ನೀರಿನಲ್ಲೂ ಬಿಗಿಯುವ ಹೈಡ್ರಾಲಿಕ್ ಸುಣ್ಣ, ಅಂದರೆ ಎನ್‌ಎಚ್‌ಎಲ್ (ನ್ಯಾಚುರಲ್ ಹೈಡ್ರಾಲಿಕ್ ಲೈಮ್) 2, 1ಕ್ಕೆ 2.5. ಸುಣ್ಣದ ಪುಡಿ 6 ಲೀಟರ್, ಕಾಳು 15. ಚೀಲದ ಮೇಲಿನ 2, 3.5, 5 ಎಂಬ ಸಂಖ್ಯೆ 28 ದಿನಕ್ಕೆ ಬರಬೇಕಾದ ಕನಿಷ್ಠ ಬಲ, ಮೆಗಾಪಾಸ್ಕಲ್‌ನಲ್ಲಿ. ಗಟ್ಟಿಯಿದ್ದಷ್ಟೂ ಒಳ್ಳೆಯದು ಎಂದು 5 ತರುವವರಿದ್ದಾರೆ. ಈ ಕಲ್ಲಿಗೆ ಅದು ಸಿಮೆಂಟಿನ ದಾರಿಯನ್ನೇ ಹಿಡಿಯುತ್ತದೆ.

ಕೆತ್ತುಗಲ್ಲಿನ 5 ಲೀಟರಿಗೆ ಮುದ್ದೆ 1 ಭಾಗ, 1 ಮಿಲಿಮೀಟರ್ ಜರಡಿಯಲ್ಲಿ ಇಳಿದ ಕಲ್ಲಿನ ಪುಡಿ 2 ಭಾಗ. ಕಾಳು ಸಂದಿನ ಅಗಲದ ಮೂರನೇ ಒಂದಕ್ಕಿಂತ ದೊಡ್ಡದಿರಬಾರದು.

ಕಲಸಲು ಮಾಮೂಲಿ ಡ್ರಮ್ ಮಿಕ್ಸರ್ ಆಗದು, ಮುದ್ದೆ ಉಂಡೆಗಟ್ಟಿ ಉರುಳುತ್ತದೆ. ರೋಲರ್ ಪ್ಯಾನ್ ಮಿಕ್ಸರ್ ಬೇಕು. ನಮ್ಮ ಕಡೆ ಎತ್ತು ಕಟ್ಟಿ ತಿರುಗಿಸುತ್ತಿದ್ದ ಗಾರೆಯ ಗಾಣದ ಕೆಲಸವನ್ನೇ ಅದು ಮೋಟಾರಿನಿಂದ ಮಾಡುತ್ತದೆ. 20 ನಿಮಿಷವಾದರೂ ಅರೆಯಬೇಕು. ಶುರುವಿನಲ್ಲಿ ನೀರು ಸಾಲದೆನ್ನಿಸುತ್ತದೆ, ಆದರೆ ಸುರಿಯಬಾರದು. ಅರೆದಂತೆ ಮುದ್ದೆಯೇ ನೀರು ಬಿಟ್ಟು ಸಡಿಲವಾಗುತ್ತದೆ. ಸರಿಯಾದ ಗಾರೆ ತಲೆಕೆಳಗು ಮಾಡಿದ ಕರಣೆಗೆ ಅಂಟಿಕೊಂಡು ನಿಲ್ಲಬೇಕು. ಸುರ್ಕಿಯನ್ನು ಬಳಸುವ ದಿನವೇ ಸೇರಿಸಬೇಕು. ಅದಿಲ್ಲದ ಗಾರೆ ಗಾಳಿ ಹೋಗದಂತೆ ಡ್ರಮ್‌ನಲ್ಲಿ ಮುಚ್ಚಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಕಣ್ಣಿಗೆ ಕನ್ನಡಕ, ಕೈಗವಸು, ಪಕ್ಕದಲ್ಲಿ ಕಣ್ಣು ತೊಳೆಯುವ ನೀರು ಕಡ್ಡಾಯ. ಹಸಿ ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು.

ಟೊಳ್ಳಿಗೆ ತಿಳಿಗಾರೆ

ಎರಡು ಮುಖ ಕಟ್ಟಿ ನಡುವೆ ಚೂರುಗಲ್ಲು ಸುರಿದ ಗೋಡೆ ಇದು. ನೀರು ಇಳಿದಲ್ಲಿ ನಡುವಿನ ಗಾರೆ ತೊಳೆದುಹೋಗುತ್ತದೆ. ಮರದ ಕೊಡತಿಯಿಂದ ಗೋಡೆಯನ್ನು ಸಾಲು ಸಾಲಾಗಿ ತಟ್ಟಿ, ಡಬಡಬ ಎನ್ನುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಅಲ್ಲಿ ಮಾತ್ರ, ಸಂದುಗಳಲ್ಲಿ ಮಾತ್ರ, 500 ಮಿಲಿಮೀಟರಿಗೊಂದು 16 ಮಿಲಿಮೀಟರ್ ತೂತು. ಮೊದಲು ಸ್ವಲ್ಪ ನೀರು ಬಿಟ್ಟು ಎಲ್ಲೆಲ್ಲಿ ಹೊರಬರುತ್ತದೆ ನೋಡಿ, ಅಲ್ಲೆಲ್ಲ ಒದ್ದೆ ಜೇಡಿಮಣ್ಣು ಒತ್ತಬೇಕು. ಗೋಡೆಯ ಆಚೆ ಕ್ಲಾಯಿಸ್ಟರ್ ಇರುವುದರಿಂದ ಒಬ್ಬರು ಒಳಗೆ ನಿಂತಿರಲೇಬೇಕು. ಸುಣ್ಣದ ನೀರು ಕೆತ್ತನೆಯ ಕಮಾನಿನ ಮೇಲೆ ಇಳಿದು ಒಣಗಿದರೆ ತೆಗೆಯುವುದು ಬಹಳ ಕಷ್ಟ.

ತಿಳಿಗಾರೆ ಸಲ್ಫೇಟ್ ಕಡಿಮೆ ಇರುವ, ಹೈಡ್ರಾಲಿಕ್ ಸುಣ್ಣದ್ದೇ ಆಗಬೇಕು. ಹಳೆಯ ಗೋಡೆಯಲ್ಲಿ ಜಿಪ್ಸಂ ಇದ್ದಲ್ಲಿ ತಪ್ಪು ಮಿಶ್ರಣ ಅದರೊಡನೆ ಕೂಡಿ ಉಬ್ಬುತ್ತದೆ. ಬಕೆಟ್ಟಿನಿಂದ ಪೈಪಿನಲ್ಲಿ ತಾನಾಗಿ ಇಳಿಯಲು ಬಿಡಬೇಕು, ಪಂಪ್ ಬೇಡ. ದಿನಕ್ಕೆ ಅರ್ಧ ಮೀಟರ್ ಎತ್ತರಕ್ಕಿಂತ ಹೆಚ್ಚು ತುಂಬುವಂತಿಲ್ಲ. ಕಾರಣ ಸರಳ: ತಿಳಿಗಾರೆಯ ತೂಕ ಲೀಟರಿಗೆ ಸುಮಾರು 1.6 ಕೆಜಿ. ಅರ್ಧ ಮೀಟರ್ ಆಳದ ತಳದಲ್ಲಿ ಚದರ ಮೀಟರಿಗೆ 800 ಕೆಜಿಯಷ್ಟು ಒತ್ತಡ. 2 ಮೀಟರನ್ನು ಒಂದೇ ದಿನ ತುಂಬಿದರೆ ಅದು 3,200 ಕೆಜಿ, ಮುಖದ ಕಲ್ಲು ಹೊಟ್ಟೆ ಬಿಡುತ್ತದೆ.

ಸಂದು ತುಂಬುವುದು

ಹಿಂದಿನ ಸಂಜೆ ಗೋಡೆಯನ್ನು ಚೆನ್ನಾಗಿ ನೆನೆಸಿ, ಬೆಳಿಗ್ಗೆ ಮತ್ತೆ ತುಂತುರು ಹೊಡೆಯಬೇಕು. ಕಲ್ಲು ತಣ್ಣಗಿರಬೇಕು, ಸಂದಿನಲ್ಲಿ ನೀರು ನಿಂತಿರಬಾರದು. ಒಣಗಲ್ಲಿಗೆ ಗಾರೆ ಇಟ್ಟರೆ ಕಲ್ಲು ನಿಮಿಷದಲ್ಲಿ ನೀರು ಹೀರಿ, ಗಾರೆ ಪುಡಿಯಾಗಿ ಉಳಿಯುತ್ತದೆ. ಆಮೇಲೆ ಎಷ್ಟು ನೀರು ಹೊಡೆದರೂ ಅದು ಕಚ್ಚುವುದಿಲ್ಲ.

ಬಾಂಡ್ಲಿಯಿಂದ ಹಲಗೆಗೆ, ಹಲಗೆಯಿಂದ ಕಿರುಗರಣೆಯಲ್ಲಿ ಸಂದಿಗೆ. ಮೊದಲು ಹಿಂಭಾಗ, ಒಂದು ಸಲಕ್ಕೆ 20 ಮಿಲಿಮೀಟರಿಗಿಂತ ದಪ್ಪ ಬೇಡ, ಒತ್ತಿ ಒತ್ತಿ ತುಂಬಬೇಕು. ಪೊಟರೆ ದೊಡ್ಡದಿದ್ದರೆ ಗಾರೆಯಿಂದಲೇ ತುಂಬಬಾರದು. ಅದೇ ಜಾತಿಯ ಕಲ್ಲಿನ ಚಕ್ಕೆಗಳನ್ನು ಗಾರೆಯಲ್ಲಿ ಕಚ್ಚಿಸಿ ಬಡಿಯಬೇಕು. ಗಾರೆ ಕಡಿಮೆಯಾದಷ್ಟೂ ಕುಗ್ಗುವುದು ಕಡಿಮೆ.

ಮುಖದ ಮಟ್ಟದ ಬಗ್ಗೆ ಗಟ್ಟಿ ಅಭಿಪ್ರಾಯ ಇರಬೇಕಾದ ಜಾಗ ಇದು. ಕೆಳಗಿನ ಗುಂಡುಗಲ್ಲು ಒಂದು ಕಾಲಕ್ಕೆ ಪೂರ್ತಿ ಗಿಲಾವಿನಡಿ ಇತ್ತು, ಬೆತ್ತಲಾಗಿ ನಿಲ್ಲಲು ಕಟ್ಟಿದ್ದೇ ಅಲ್ಲ. ಮತ್ತೆ ಗಿಲಾವು ಹಾಕುವುದೇ ಗೋಡೆಗೆ ಹಿತ. ಆದರೆ ಬರಿಗಲ್ಲಿನ ಮಠದ ನೋಟ ಜನರ ಕಣ್ಣಿಗೆ ಒಗ್ಗಿಹೋಗಿದೆ, ಅದಕ್ಕೆ ಒಪ್ಪಿಗೆ ಸಿಗುವುದು ಕಷ್ಟ. ನಡುದಾರಿ ಎಂದರೆ ಸಂದನ್ನು ಕಲ್ಲಿನ ಮುಖಕ್ಕೆ ಸಮನಾಗಿ ತುಂಬಿ, ಸವೆದ ಕಲ್ಲಿನ ತಗ್ಗುಗಳ ಮೇಲೂ ತೆಳ್ಳಗೆ ಎಳೆದು, ನೀರು ನಿಲ್ಲುವ ಒಂದು ಮೆಟ್ಟಿಲೂ ಉಳಿಯದಂತೆ ಮಾಡುವುದು. ಸಂದನ್ನು ಒಳಕ್ಕೆ ಹಿಂಜರಿಸಿ ಕಲ್ಲಿನ ಅಂಚು ಎತ್ತಿ ತೋರಿಸುವುದೂ, ಹಗ್ಗದ ಹಾಗೆ ಉಬ್ಬಿಸುವುದೂ ಎರಡೂ ಕೆಟ್ಟದ್ದು.

ತುಂಬಿದ ತಕ್ಷಣ ಕರಣೆಯಿಂದ ಉಜ್ಜಿ ನುಣುಪು ಮಾಡಬಾರದು. ನುಣುಪಾದರೆ ಸುಣ್ಣ ಮೇಲೆ ಬಂದು ಹೊರಪೊರೆ ಕಟ್ಟುತ್ತದೆ, ಒಳಗೆ ಗಾಳಿ ಹೋಗದು. ಹೆಬ್ಬೆರಳು ಒತ್ತಿದರೆ ಗುರುತು ಮೂಡದಷ್ಟು, ಉಗುರು ಗೀರಿದರೆ ಗೀರಾಗುವಷ್ಟು ಬಿಗಿದ ಮೇಲೆ ಗಟ್ಟಿ ಕೂದಲಿನ ಬ್ರಷ್‌ನ ತುದಿಯಿಂದ ನೇರವಾಗಿ ಕುಟ್ಟಬೇಕು. ಬ್ರಷ್‌ಗೆ ಸುಣ್ಣದ ಕೆನೆ ಅಂಟಿದರೆ ಇನ್ನೂ ಹೊತ್ತಾಗಿಲ್ಲ ಎಂದರ್ಥ, ಕಾಳು ಹಾರಿದರೆ ಹೊತ್ತು ಮೀರಿದೆ. ಸರಿಯಾದ ಹೊತ್ತಿನಲ್ಲಿ ಕುಟ್ಟಿದರೆ ಕಾಳು ಎದ್ದು ಕಾಣುತ್ತದೆ, ಸಣ್ಣ ಬಿರುಕೆಲ್ಲ ಮುಚ್ಚಿಹೋಗುತ್ತದೆ. ಇಡೀ ಕೆಲಸದಲ್ಲಿ ಗಡಿಯಾರ ನೋಡಿ ಮಾಡಲಾಗದ ಹಂತ ಇದೊಂದೇ. ಮೋಡದ ದಿನ ಮರುದಿನ ಬೆಳಿಗ್ಗೆಗೆ ಹೋಗಬಹುದು, ಗಾಳಿಯಿದ್ದರೆ ಎರಡು ಮೂರು ಗಂಟೆಗೇ ಬರಬಹುದು.

ಮೂರು ಕಲ್ಲು ಮಾತ್ರ ಪೂರ್ತಿ ಸತ್ತಿದ್ದವು. ಅವನ್ನು 100 ಮಿಲಿಮೀಟರ್ ಆಳಕ್ಕೆ ಚೌಕವಾಗಿ ಕೆತ್ತಿ ತೆಗೆದು ಹೊಸ ಬಾತ್ ಕಲ್ಲು ಕೂರಿಸಲಾಯಿತು. ಕಲ್ಲು ನೆಲದಲ್ಲಿ ಹೇಗೆ ಮಲಗಿತ್ತೋ ಪದರು ಹಾಗೇ ಅಡ್ಡಕ್ಕಿರಬೇಕು. ನೆಟ್ಟಗೆ ತಿರುಗಿಸಿಟ್ಟರೆ ಪುಸ್ತಕದ ಹಾಳೆಯಂತೆ ಬಿಡುತ್ತದೆ. ಗಣಿಯಿಂದ ಹೊಸದಾಗಿ ಬಂದ ಕಲ್ಲಿನೊಳಗೆ ನೀರಿರುತ್ತದೆ, ಅದು ಆರುವ ಮೊದಲು ಹಿಮ ತಾಗಿದರೆ ಒಡೆಯುತ್ತದೆ. ಆದ್ದರಿಂದ ಆರಿದ ಕಲ್ಲನ್ನೇ ಕೇಳಿ ತರಿಸಬೇಕು. ಮೇಲಿನ ಭಾಗದಲ್ಲಿ ಸಿಕ್ಕಿದ ತುಕ್ಕು ಹಿಡಿದ ಕಬ್ಬಿಣದ ಕೊಂಡಿಯ ಜಾಗಕ್ಕೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬಂತು. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಕಲ್ಲು ಸೀಳಿದ್ದು ಅದರಿಂದಲೇ.

ಗೋಣಿ, ತುಂತುರು, ಚಳಿ

ಹೊಸ ಸಂದಿನ ಮುಂದೆ ಒದ್ದೆ ಗೋಣಿತಾಟು ಇಳಿಬಿಟ್ಟು, ಅದರ ಹೊರಗೆ ಪ್ಲಾಸ್ಟಿಕ್ ಹಾಳೆ. ಪ್ಲಾಸ್ಟಿಕ್ ಗೋಡೆಗೆ ತಾಗಬಾರದು. ದಿನಕ್ಕೆ ಮೂರು ನಾಲ್ಕು ಸಲ ತುಂತುರು, ಕನಿಷ್ಠ 7 ದಿನ, ಬಿಸಿಲುಗಾಳಿ ಇದ್ದರೆ 14. ಸಿಮೆಂಟಿನ ಕ್ಯೂರಿಂಗ್ ಹಾಗೆ ಸದಾ ನೀರು ಸುರಿಯುವುದಲ್ಲ. ಒದ್ದೆಯಾಗಿ ನಿಧಾನ ಒಣಗಿ ಮತ್ತೆ ಒದ್ದೆಯಾಗುವ ಆವರ್ತನೆಯಲ್ಲೇ ಸುಣ್ಣ ಗಾಳಿಯನ್ನು ಕುಡಿಯುತ್ತದೆ. 5 ಡಿಗ್ರಿಗಿಂತ ಕೆಳಗೆ ಈ ಕ್ರಿಯೆ ನಿಂತಂತೆಯೇ. ಅಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಸಬೇಕು. ಅಕ್ಟೋಬರ್‌ನಲ್ಲಿ ತುಂಬಿದ ಸಂದು ಮೊದಲ ಹಿಮಕ್ಕೆ ಪದರಾಗಿ ಬಿದ್ದರೆ ಗಾರೆಯನ್ನು ದೂರಿ ಪ್ರಯೋಜನವಿಲ್ಲ.

ಮೇಲಿನ ಕೆತ್ತುಗಲ್ಲಿಗೆ ಕೊನೆಯಲ್ಲಿ ತೆಳುವಾದ ರಕ್ಷಣೆಯ ಲೇಪ: ಸುಣ್ಣದ ಮುದ್ದೆ, ಜರಡಿ ಹಿಡಿದ ಕಲ್ಲಿನ ಪುಡಿ, ನುಣುಪು ಮರಳು, ಒಂದಿಷ್ಟು ಕೇಸಿನ್ (ಹಾಲಿನ ಪ್ರೋಟೀನ್). ಕಲ್ಲಿನ ಸಂರಕ್ಷಣೆಯ ತಜ್ಞ ರಾಬರ್ಟ್ ಬೇಕರ್ ಅವರು ಇಂಗ್ಲೆಂಡಿನ ವೆಲ್ಸ್ ಊರಿನ ಕ್ಯಾಥೆಡ್ರಲ್‌ನ ಪಶ್ಚಿಮ ಮುಖದ ಕೆಲಸದಲ್ಲಿ ಬಳಕೆಗೆ ತಂದ ಪದ್ಧತಿ ಇದು. ಬ್ರಷ್‌ನಿಂದ ಹಚ್ಚಿ ಗೋಣಿ ಬಟ್ಟೆಯಿಂದ ರಂಧ್ರಗಳೊಳಕ್ಕೆ ತಿಕ್ಕಬೇಕು. ಕಲ್ಲಿನ ಬಣ್ಣ ಬದಲಾಗುವಷ್ಟು ದಪ್ಪವಾದರೆ ಹೆಚ್ಚಾಯಿತು ಎಂದರ್ಥ. ಮಳೆ ಮೊದಲು ತಿನ್ನುವುದು ಇದನ್ನು, ಕಲ್ಲನ್ನಲ್ಲ. ಕೆಲವು ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕಾಗುತ್ತದೆ.

ಚಳಿಗಾಲ ಕಳೆದ ಮೇಲೆ

ಮಾರ್ಚ್ ಕೊನೆಗೆ ಕಣ್ಣಿಗೆ ಬೀಳದ ಒಂದು ಸಂದಿನಿಂದ ಚೂರು ಮುರಿದು, ಆಗಷ್ಟೇ ಮುರಿದ ಮುಖಕ್ಕೆ 1 ಶೇಕಡಾ ಫಿನಾಲ್ಫ್ತಲೀನ್ ದ್ರಾವಣದ ಹನಿ ಹಾಕಬೇಕು. ಗುಲಾಬಿಯಾದ ಭಾಗ ಇನ್ನೂ ಹಸಿ ಸುಣ್ಣ, ಬಣ್ಣ ಬಾರದ ಭಾಗ ಮತ್ತೆ ಸುಣ್ಣಕಲ್ಲಾಗಿದೆ. ತಿಂಗಳಿಗೆ ಸುಮಾರು 1 ಮಿಲಿಮೀಟರ್ ಎಂಬುದು ಸ್ಥೂಲ ಅಂದಾಜು. 40 ಮಿಲಿಮೀಟರ್ ಸಂದು ಪೂರ್ತಿ ಆಗಲು ವರ್ಷಗಳೇ ಬೇಕು, ಅದಕ್ಕೆ ಗಾಬರಿಪಡಬೇಕಿಲ್ಲ. ಬಣ್ಣವಿಲ್ಲದ ಅಂಚು 5 ಮಿಲಿಮೀಟರ್ ದಾಟಿದ್ದು ಉಗುರಿಗೆ ಗಟ್ಟಿ ಸಿಕ್ಕರೆ ಸರಿ. ಮೇಲ್ಗಡೆ ಗಟ್ಟಿಪೊರೆ, ಒಳಗೆ ಪುಡಿ ಇದ್ದರೆ ಬೇಗ ಒಣಗಿಸಿದ್ದಾರೆ. ಅಷ್ಟು ಉದ್ದ ಮಾತ್ರ ತೆಗೆದು ಮತ್ತೆ ತುಂಬಬೇಕು.

ನಮ್ಮ ಅಂಕಣದಲ್ಲಿ ನೆಲದ ಪಟ್ಟಿಯ ಕೆಲವು ಸಂದುಗಳ ಮೇಲೆ ಬಿಳಿ ಉಪ್ಪು ಬಂದಿದೆ. ಬರಬೇಕಾದದ್ದೇ, ಕಲ್ಲಿನ ಬದಲು ಸಂದಿನ ಮೇಲೆ ಬಂದಿದೆ ಎಂಬುದೇ ಇಲ್ಲಿ ನೋಡಬೇಕಾದ್ದು. ಒಣ ಬ್ರಷ್ ಸಾಕು. ಸೀಸದ ದೋಣಿಯನ್ನು ಎಲೆ ಉದುರಿದ ಮೇಲೆ ನವೆಂಬರ್ ಕೊನೆಗೊಮ್ಮೆ, ಮತ್ತೆ ವಸಂತದಲ್ಲೊಮ್ಮೆ ಬಳಿಯಬೇಕು. ಉಳಿದ ಮುದ್ದೆಯನ್ನು ನೀರು ನಿಲ್ಲಿಸಿ ಮುಚ್ಚಳದ ಡ್ರಮ್‌ನಲ್ಲಿ, ಹಿಮ ತಾಗದ ಕೋಣೆಯಲ್ಲಿ ಇಡಲಾಗಿದೆ. ಅದೇ ಮರಳಿನ 10 ಲೀಟರ್ ಚೀಲ, ಕಲ್ಲಿನ ಪುಡಿ, ಜರಡಿಯ ಅಳತೆ ಬರೆದ ಚೀಟಿ, ನಂಬರ್ ಹಾಕಿದ ನಕ್ಷೆ, ಬಾವಲಿಯ ಸಂದಿನ ಗುರುತು ಎಲ್ಲವೂ ಅದರ ಪಕ್ಕದ ಕಪಾಟಿನಲ್ಲಿವೆ. ಮುಂದಿನ ಬೇಸಿಗೆಗೆ ಪಕ್ಕದ ಅಂಕಣ. ಅಲ್ಲಿ ಸಿಮೆಂಟ್ ಇನ್ನೂ ಆಳ ಇದ್ದಂತಿದೆ, ಏಪ್ರಿಲ್ ಮೊದಲ ವಾರವೇ ತೂತು ಕೊರೆಯಲು ತೊಡಗಬೇಕು.